ಫೋರ್ ವೀಲ್ ಗಾಡಿಗೆ ಎ.ಟಿ. ಟೈರ್: ಅಂಗಡಿಗೆ ಹೋಗುವ ಮುಂಚೆ ಲೆಕ್ಕ ಹಾಕಿ

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ತೋಟದ ದಾರಿಯಲ್ಲಿ ಭಾವನ ಜಿಮ್ನಿಯಲ್ಲಿ ಹೋಗುತ್ತಿದ್ದೆವು. ಅದು ಮಾರುತಿಯ ಫೋರ್ ವೀಲ್ ಗಾಡಿ, ಅಂದರೆ ಬೇಕಾದಾಗ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡಬಹುದಾದ ಗಾಡಿ. ಇಕ್ಕಟ್ಟಿನ ತಿರುವಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದ ಕೂಡಲೇ ಮುಂದಿನ ಚಕ್ರದಿಂದ ಕರಕರ ಸದ್ದು. ಇಳಿದು ಬಗ್ಗಿ ನೋಡಿದರೆ ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ಅಂಗೈ ಅಗಲ ಉಜ್ಜಿ ಬೆಳ್ಳಗಾಗಿತ್ತು. ಹೊಸ ಟೈರ್ ಹಾಕಿಸಿ ಎರಡು ವಾರವೂ ಆಗಿರಲಿಲ್ಲ. ‘ಏನೂ ಆಗಲ್ಲ ಸಾರ್, ಎಲ್ಲರೂ ಇದನ್ನೇ ಹಾಕಿಸ್ತಾರೆ’ ಎಂದು ಅಂಗಡಿಯಲ್ಲಿ ಹೇಳಿದ್ದರಂತೆ. ಇಂಥದ್ದನ್ನು ನಾನು ಮೂರ್ನಾಲ್ಕು ಗಾಡಿಗಳಲ್ಲಿ ಕಂಡಿದ್ದೇನೆ. ಎಲ್ಲರೂ ಟೈರಿನ ಅಂದ ನೋಡಿ ದುಡ್ಡು ಕೊಟ್ಟವರೇ. ಪಕ್ಕದಲ್ಲಿ ಬರೆದಿರುವುದನ್ನು ಯಾರೂ ಓದಿರಲಿಲ್ಲ.

ಹಂತ 1: ನಿಮ್ಮ ದಾರಿ ಯಾವುದು?

ಟಾರು ರಸ್ತೆಗೆ ಎಚ್.ಟಿ., ಅಂದರೆ ಹೈವೇ ಟೆರೇನ್. ಕೆಸರಿಗೆ ಎಂ.ಟಿ., ಅಂದರೆ ಮಡ್ ಟೆರೇನ್. ಎರಡರ ನಡುವೆ ಎ.ಟಿ., ಅಂದರೆ ಆಲ್ ಟೆರೇನ್. ಹತ್ತರಲ್ಲಿ ಒಂಬತ್ತು ದಿನ ಬೆಂಗಳೂರಿನ ಟ್ರಾಫಿಕ್‌ನಲ್ಲೇ ಓಡುವ ಗಾಡಿಯಾದರೆ ಎಚ್.ಟಿ. ಸಾಕು. ವಾರಕ್ಕೊಮ್ಮೆಯಾದರೂ ಜಲ್ಲಿ, ಜಂಬಿಟ್ಟಿಗೆ ಮಣ್ಣು, ತೋಟದ ಏರು ಹತ್ತುವವರಿಗೆ ಎ.ಟಿ. ಬೇಕೇ ಬೇಕು. ಆದರೆ ಗದಗ, ರಾಯಚೂರು ಕಡೆಯ ಎರೆಮಣ್ಣಿನವರಿಗೆ ಒಂದು ಮಾತು. ಮಳೆ ಬಿದ್ದ ಎರೆ ಹೊಲದಲ್ಲಿ ಎ.ಟಿ. ಟೈರಿನ ಬಟನ್‌ಗಳ (ನೆಲ ಕಚ್ಚುವ ರಬ್ಬರ್ ಉಬ್ಬುಗಳ) ಸಂದಿಗೆ ಮಣ್ಣು ಮೆತ್ತಿಕೊಂಡು, ಹತ್ತು ಮಾರು ಹೋಗುವಷ್ಟರಲ್ಲಿ ಬೋಳು ಟೈರಿನಂತಾಗುತ್ತದೆ. ಸಂದಿ ದೊಡ್ಡದಿರುವ ಎಂ.ಟಿ. ಟೈರ್ ಉರುಳುವಾಗ ಮಣ್ಣನ್ನು ಕೊಡವಿಕೊಳ್ಳುತ್ತದೆ. ಆದರೆ ಹೈವೇಯಲ್ಲಿ ಅದರ ಸದ್ದು ಜಾಸ್ತಿ, ಒದ್ದೆ ಟಾರಿನ ಮೇಲೆ ಹಿಡಿತ ಕಡಿಮೆ. ಮನೆಮಂದಿಯನ್ನು ಕೂರಿಸಿಕೊಂಡು ಓಡಾಡುವ ಗಾಡಿಗೆ ಎಂ.ಟಿ. ಬೇಡ. ಎರೆಮಣ್ಣು ಒಂದು ದಿನ ಒಣಗಲಿ, ಆಮೇಲೆ ಹೋಗಿ.

ಹಂತ 2: ಸೈಜ್. ಇಲ್ಲಿ ಅವಸರ ಮಾಡಬೇಡಿ

ಪೆನ್ನು, ಕಾಗದ ತೆಗೆದುಕೊಂಡು ಗಾಡಿಯ ಹತ್ತಿರ ಹೋಗಿ. ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕಂಪನಿ ಹೇಳಿದ ಸೈಜ್, ಹಿಡಿಸಬೇಕಾದ ಗಾಳಿ ಎರಡೂ ಅದರಲ್ಲಿರುತ್ತವೆ.

ಜಿಮ್ನಿಯದು 195/80 ಆರ್ 15. ಮೊದಲ ಸಂಖ್ಯೆ ಟೈರಿನ ಅಗಲ, 195 ಮಿ.ಮೀ. ಎರಡನೆಯದು ಟೈರಿನ ಪಕ್ಕದ ಎತ್ತರ ಆ ಅಗಲದ ಶೇ 80 ಎಂದು ಹೇಳುತ್ತದೆ. ಅಂದರೆ 156 ಮಿ.ಮೀ. ‘ಆರ್’ ಅಂದರೆ ರೇಡಿಯಲ್. ಕೊನೆಯ 15 ರಿಮ್‌ನ ಅಳತೆ, ಇಂಚಿನಲ್ಲಿ. ಈಗ ಕೂಡಿಸಿ. ಮೇಲೊಂದು ಕೆಳಗೊಂದು ಪಕ್ಕ ಸೇರಿ 312, ಜೊತೆಗೆ ರಿಮ್ 381. ಟೈರಿನ ಪೂರ್ತಿ ಎತ್ತರ 693 ಮಿ.ಮೀ.

ಇದೇ ಲೆಕ್ಕವನ್ನು ನೀವು ಹಾಕಿಸಬೇಕೆಂದಿರುವ ಟೈರಿಗೂ ಮಾಡಿ. 215/75 ಆರ್ 15 ಆದರೆ 703.5 ಮಿ.ಮೀ. ಬರುತ್ತದೆ. ವ್ಯತ್ಯಾಸ ಶೇಕಡಾ ಒಂದೂವರೆ, ಹೆಚ್ಚೇನಲ್ಲ. ಭಾವ ಹಾಕಿಸಿದ್ದು 235/75 ಆರ್ 15. ಅದು 733.5 ಮಿ.ಮೀ., ಹತ್ತಿರ ಹತ್ತಿರ ಶೇ 6 ಜಾಸ್ತಿ. ಚಕ್ರ ಒಂದು ಸುತ್ತಿಗೆ ಮೊದಲಿಗಿಂತ ದೂರ ಹೋಗುವುದರಿಂದ ಮೀಟರ್ 80 ತೋರಿಸುವಾಗ ಗಾಡಿ ಮೊದಲಿಗಿಂತ ನಾಲ್ಕೈದು ಕಿ.ಮೀ. ಜೋರಾಗಿ ಓಡುತ್ತಿರುತ್ತದೆ. ಘಾಟಿ ಹತ್ತುವಾಗ ಎಂಜಿನ್ ಏದುಸಿರು ಬಿಡುತ್ತದೆ, ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಒಂದಕ್ಕೆ ಇಳಿಸಬೇಕಾಗುತ್ತದೆ. ಇಷ್ಟೆಲ್ಲ ಆಗಿ ಗಾಡಿ ಮೇಲೇರುವುದು ಬರೀ 20 ಮಿ.ಮೀ. ಟೈರಿನ ಕೆಳಗಿನ ಅರ್ಧ ಮಾತ್ರ ಗಾಡಿಯನ್ನು ಎತ್ತುತ್ತದೆ, ಅಲ್ವಾ?

ಶೇ 3ರ ಒಳಗೇ ಇರಿ ಎನ್ನುವುದು ನನ್ನ ಖಡಾಖಂಡಿತ ಸಲಹೆ. ಕಂಪನಿ ಸೈಜೇ ಎ.ಟಿ.ಯಲ್ಲಿ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ದೊಡ್ಡದೇ ಬೇಕೆಂದರೆ ಮೊದಲು ಒಂದೇ ಒಂದು ಟೈರನ್ನು ಮುಂದಿನ ಚಕ್ರಕ್ಕೆ ಹಾಕಿಸಿ. ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಲೈನರ್ ಮತ್ತು ಟೈರಿನ ನಡುವೆ ಕೈ ಬೆರಳು ಹಾಕಿ ನೋಡಿ. ಅಷ್ಟಕ್ಕೇ ನಿಲ್ಲಿಸಬೇಡಿ. ಆ ಚಕ್ರವನ್ನು ಒಂದು ಗಟ್ಟಿ ದಿಣ್ಣೆಯ ಮೇಲೆ ಹತ್ತಿಸಿ, ಸ್ಪ್ರಿಂಗ್ ಕುಗ್ಗಿದಾಗ ಮತ್ತೆ ನೋಡಿ. ಸಮತಟ್ಟು ನೆಲದಲ್ಲಿ ಮೂರು ಬೆರಳು ಹಿಡಿಸುತ್ತಿದ್ದ ಜಾಗದಲ್ಲಿ ಆಗ ಒಂದೂ ಹಿಡಿಸದೇ ಇರಬಹುದು. ತಾಗಿದರೆ ಲೈನರ್ ಕತ್ತರಿಸಿ ಕೊಡುತ್ತೇವೆ ಎನ್ನುವವರಿದ್ದಾರೆ. ಒಪ್ಪಬೇಡಿ.

ಹಂತ 3: ಭಾರ ಮತ್ತು ವೇಗ

ಸೈಜ್ ಪಕ್ಕದಲ್ಲಿ 96ಎಸ್, 100ಟಿ ಎಂದೆಲ್ಲ ಇರುತ್ತದೆ. 96 ಅಂದರೆ ಒಂದು ಟೈರ್ 710 ಕೆ.ಜಿ. ಹೊರುತ್ತದೆ, 100 ಅಂದರೆ 800 ಕೆ.ಜಿ. ಎಸ್ ಅಂದರೆ ಹೆಚ್ಚೆಂದರೆ ಗಂಟೆಗೆ 180 ಕಿ.ಮೀ. ವೇಗ, ಟಿ ಅಂದರೆ 190. ಕಂಪನಿ ಕೊಟ್ಟ ಸಂಖ್ಯೆಗಿಂತ ಕಡಿಮೆಯದನ್ನು ಎಂದೂ ಹಾಕಿಸಬೇಡಿ. ಹಿಂದೆ ನಾಲ್ಕು ಮೂಟೆ ಕಾಫಿ ಹಾಕಿ ಘಾಟಿ ಇಳಿಯುವವರು ಇದನ್ನು ಎರಡು ಸಲ ಓದಿ.

ಸೈಜ್ ಮುಂದೆ ‘ಎಲ್‌ಟಿ’ (ಲೈಟ್ ಟ್ರಕ್) ಎಂದಿದ್ದರೆ ಅದರ ಪಕ್ಕಗಳು ದಪ್ಪ, ಚೂಪು ಕಲ್ಲಿಗೆ ಸುಲಭವಾಗಿ ಹರಿಯುವುದಿಲ್ಲ. ಕೊಡಗಿನ ಮಾಂದಲಪಟ್ಟಿಯಂಥ ಕಲ್ಲು ದಾರಿಗೆ ಇದು ದೊಡ್ಡ ಆಸರೆ. ಬಟನ್ ಜಾಗದ ಪಂಕ್ಚರ್ ಹಾಕಿಸಬಹುದು, ಪಕ್ಕ ಸೀಳಿದರೆ ಆ ಟೈರ್ ಮುಗಿಯಿತು. ಆದರೆ ಎಲ್‌ಟಿ ಟೈರ್ ಭಾರ ಜಾಸ್ತಿ. ಮೈಲೇಜ್ ಇಳಿಯುತ್ತದೆ, ಹಳ್ಳ ಬಿದ್ದ ರಸ್ತೆಯಲ್ಲಿ ಕುಲುಕಾಟ ಹೆಚ್ಚು. ಅಷ್ಟೇ ಭಾರ ಹೊರಲು ಅದಕ್ಕೆ ಗಾಳಿಯೂ ಹೆಚ್ಚು ಬೇಕು.

ಹಂತ 4: ಟೈರಿನ ವಯಸ್ಸು

ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2324 ಇದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಎಷ್ಟೋ ಟೈರ್‌ಗಳಲ್ಲಿ ಇದು ಒಂದೇ ಪಕ್ಕದಲ್ಲಿರುತ್ತದೆ. ಒಳಮುಖವಾಗಿ ಕೂರಿಸಿಬಿಟ್ಟರೆ ಗಾಡಿ ಕೆಳಗೆ ನುಗ್ಗದೆ ಕಾಣುವುದೇ ಇಲ್ಲ. ಹಾಗಾಗಿ ರಿಮ್‌ಗೆ ಹಾಕುವ ಮುಂಚೆಯೇ ಸ್ಟೆಪ್ನಿಯದೂ ಸೇರಿ ಐದೂ ಟೈರ್ ತಿರುಗಿಸಿ ಓದಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್ ಆಮದಿಗೆ ನಿರ್ಬಂಧ ಹಾಕಿತು. ವಿದೇಶಿ ಮಾಲು ಎಂದು ಯಾರಾದರೂ ತೋರಿಸಿದರೆ ಅದು ಹಳೇ ಸ್ಟಾಕ್ ಇರಬಹುದು, ಈ ಅಂಕಿಯನ್ನೇ ಮೊದಲು ನೋಡಿ. ವರ್ಷ ದಾಟಿದ್ದನ್ನು ನಾನು ತೆಗೆದುಕೊಳ್ಳುವುದಿಲ್ಲ.

ಸವೆದ ಟೈರಿಗೆ ಹೊಸದಾಗಿ ಗೆರೆ ಕೊರೆದು, ಕಪ್ಪು ಪಾಲಿಶ್ ಬಳಿದು ಮಾರುವವರೂ ಇದ್ದಾರೆ. ಗೆರೆಯ ತಳಕ್ಕೆ ಉಗುರು ಹಾಕಿ ನೋಡಿ. ಅಲ್ಲಿ ಸವೆತ ತೋರಿಸುವ 1.6 ಮಿ.ಮೀ. ಎತ್ತರದ ಸಣ್ಣ ದಿಬ್ಬಗಳು ಇರಲೇಬೇಕು. ಕೊರೆದ ಟೈರಿನಲ್ಲಿ ಅವು ಕತ್ತರಿಸಿ ಹೋಗಿರುತ್ತವೆ.

ಹಂತ 5: ಐದು ಟೈರ್, ನಾಲ್ಕಲ್ಲ

ಸ್ಟೆಪ್ನಿಗೆ ಹಳೇದೇ ಇರಲಿ ಎಂದು ಸುಮಾರು ಜನ ದುಡ್ಡು ಉಳಿಸುತ್ತಾರೆ. ಫೋರ್ ವೀಲ್ ಗಾಡಿಯಲ್ಲಿ ಇದು ಸರಿಯಲ್ಲ. ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್ ಒಟ್ಟಿಗೇ ತಿರುಗಬೇಕು. ಒಂದು ಟೈರ್ ಮಾತ್ರ ಗಿಡ್ಡವಿದ್ದರೆ ಗೇರ್‌ಗಳ ಮೇಲೆ ಎಳೆತ ಬೀಳುತ್ತದೆ.

ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಒಂದೇ ದಿನ ಮುಗಿಸಿ. ನೂರು ಕಿ.ಮೀ. ಓಡಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಕೆಸರಿನಲ್ಲಿ ಗಾಳಿ 20 ಪಿಎಸ್‌ಐಗೆ ಇಳಿಸುವ ಅಭ್ಯಾಸ ಇದ್ದರೆ, ವಾಪಸ್ ತುಂಬಲು ಒಂದು ಚಿಕ್ಕ ಕಂಪ್ರೆಸರ್ ಗಾಡಿಯಲ್ಲೇ ಇಟ್ಟುಕೊಳ್ಳಿ. ಅಷ್ಟು ಕಡಿಮೆ ಗಾಳಿಯಲ್ಲಿ ಟಾರು ರಸ್ತೆಯಲ್ಲಿ ಜೋರಾಗಿ ಓಡಿಸಿದರೆ ಹೊಸ ಟೈರಿನ ಪಕ್ಕಗಳು ಕಾದು ಹಾಳಾಗುತ್ತವೆ.

ಭಾವ ಈಗ 215/75ಕ್ಕೆ ಬದಲಾಯಿಸಿಕೊಂಡಿದ್ದಾರೆ. ಆ ತಿರುವಿನಲ್ಲಿ ಈಗ ಸದ್ದಿಲ್ಲ.