ಬೇಸಿಗೆ ರಜೆಗೆ ವಿಮಾನದ ಟಿಕೆಟ್: ನನ್ನ ನೋಟ್‌ಬುಕ್ಕಿನ ಲೆಕ್ಕ

ನನ್ನ ಮಗಳು ಇರುವುದು ಆಮ್‌ಸ್ಟರ್‌ಡ್ಯಾಮಿನಲ್ಲಿ. ನಾನು ಬೆಂಗಳೂರಿನ ಹನುಮಂತನಗರದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವವಳು. ಅವಳನ್ನು ನೋಡಲು ಹೋಗಬೇಕೆಂದರೆ ಏಪ್ರಿಲ್, ಮೇ ಬಿಟ್ಟರೆ ನನಗೆ ರಜೆಯಿಲ್ಲ. ಆ ಎರಡು ತಿಂಗಳಲ್ಲೇ ಕೈಗೆಟಕುವ ಟಿಕೆಟ್ ಹುಡುಕುವುದನ್ನು ಕಲಿತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ನಮ್ಮ ಬೇಸಿಗೆ ರಜೆಯೂ ಯುರೋಪಿನವರದ್ದೂ ಒಂದೇ ಅಲ್ಲ. ಅವರು ಜುಲೈ, ಆಗಸ್ಟ್‌ನಲ್ಲಿ ಊರು ಬಿಡುತ್ತಾರೆ. ನಮ್ಮವರು ಹೆಚ್ಚಾಗಿ ಮೇ ತಿಂಗಳಲ್ಲಿ ಹೊರಟು, ಶಾಲೆ ಶುರುವಾಗುವ ಹೊತ್ತಿಗೆ ಒಟ್ಟಿಗೇ ಮರಳುತ್ತಾರೆ. ಈ ಎರಡೂ ನೂಕುನುಗ್ಗಲಿಗೆ ಮೊದಲು ಒಂದು ಸಂದು ಸಿಗುತ್ತದೆ: ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿ ಮುಗಿದ ಕೂಡಲೇ, ಏಪ್ರಿಲ್ ಮಧ್ಯದಲ್ಲಿ ಹೊರಟು ಮೇ 10ರ ಒಳಗೆ ವಾಪಸಾಗುವುದು. ಈಸ್ಟರ್ ಆ ವರ್ಷ ಯಾವಾಗ ಬರುತ್ತದೆಂದು ಮಾತ್ರ ನೋಡಿಕೊಳ್ಳಿ. ಅದರ ಆಸುಪಾಸಿನಲ್ಲಿ ಅಲ್ಲಿಯೂ ರಜೆ.

ಡಿಸೆಂಬರ್‌ನಲ್ಲೇ ನಾನು ನೋಟ್‌ಬುಕ್ ತೆರೆಯುತ್ತೇನೆ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಗಳವು. ಗೂಗಲ್ ಫ್ಲೈಟ್ಸ್‌ನಲ್ಲಿ ಹೊರಡುವ ದಿನ, ಮರಳುವ ದಿನಗಳ ದರವನ್ನು ಚೌಕಗಳಲ್ಲಿ ಒಟ್ಟಿಗೆ ತೋರಿಸುವ ಸೌಲಭ್ಯವಿದೆ. ವಾರಕ್ಕೆರಡು ಸಲ, ರಾತ್ರಿ ಊಟವಾದ ಮೇಲೆ, ಅದನ್ನು ನೋಡಿ ಬರೆದಿಡುತ್ತೇನೆ. ಕಳೆದ ಸಲ ಶನಿವಾರದ ಬದಲು ಮಂಗಳವಾರ ಹೊರಟಿದ್ದಕ್ಕೇ ತಲೆಗೆ 9 ಸಾವಿರ ರೂಪಾಯಿ ಉಳಿಯಿತು. ನಾಲ್ಕೈದು ವಾರ ಬರೆದರೆ ಯಾವುದು ನಿಜವಾಗಿ ಕಡಿಮೆ, ಯಾವುದು ಬರಿಯ ಜಾಹೀರಾತಿನ ಕಡಿತ ಎಂಬುದು ಕಣ್ಣಿಗೇ ಕಾಣುತ್ತದೆ. ದರ ಇಳಿದರೆ ಮಿಂಚಂಚೆ ಬರುವಂತೆಯೂ ಮಾಡಿಕೊಳ್ಳಬಹುದು. ಆದರೆ ಬರೆದರೇ ನನಗೆ ಸಮಾಧಾನ.

ನೇರ ವಿಮಾನಕ್ಕಿಂತ ದುಬೈ, ದೋಹಾ, ಅಬುಧಾಬಿ ಮೂಲಕ ಹೋಗುವುದು ಎಷ್ಟೋ ಸಲ ಅಗ್ಗ. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿರಲಿ. ಒಮ್ಮೆ ದುಡ್ಡು ಉಳಿಸುವ ಆಸೆಗೆ ಮುಂಬೈವರೆಗೆ ಒಂದು, ಅಲ್ಲಿಂದಾಚೆ ಇನ್ನೊಂದು ಎಂದು ಬೇರೆ ಬೇರೆ ಟಿಕೆಟ್ ತೆಗೆದೆವು. ಬೆಂಗಳೂರಿನ ವಿಮಾನ ಮೂರು ಗಂಟೆ ತಡವಾಯಿತು. ಮುಂಬೈಯ ಒಂದನೇ ಟರ್ಮಿನಲ್‌ನಲ್ಲಿ ಇಳಿದು, ಪೆಟ್ಟಿಗೆ ಎಳೆದುಕೊಂಡು, ರಸ್ತೆ ಮೂಲಕ ಎರಡನೇ ಟರ್ಮಿನಲ್ ತಲುಪುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ಎರಡು ಟಿಕೆಟ್‌ಗಳಿಗೂ ಸಂಬಂಧವಿಲ್ಲವೆಂದು ಎರಡೂ ವಿಮಾನ ಕಂಪನಿಯವರು ಕೈತೊಳೆದುಕೊಂಡರು. ಮಗಳಿಗೆಂದು ಕಟ್ಟಿಕೊಂಡಿದ್ದ ಚಕ್ಕುಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಯಜಮಾನರು ಬೆಳಗಾಗುವವರೆಗೆ ಬೆಂಚಿನ ಮೇಲೆ ಕುಳಿತಿದ್ದರು. ಒಂದೇ ಟಿಕೆಟ್ ಆಗಿದ್ದರೆ ಮುಂದಿನ ವಿಮಾನಕ್ಕೆ ಕಳಿಸುವ ಹೊಣೆ ಕಂಪನಿಯದಾಗುತ್ತಿತ್ತು.

ಲಂಡನ್ ಮೂಲಕ ಹೋಗುವುದಾದರೆ ಟ್ರಾನ್ಸಿಟ್ ವೀಸಾ, ಅಂದರೆ ನಡುವೆ ವಿಮಾನ ಬದಲಿಸಲು ಪಡೆಯುವ ಅನುಮತಿ, ಬೇಕೇ ಎಂದು ಮೊದಲೇ ನೋಡಿ. ಆಮ್‌ಸ್ಟರ್‌ಡ್ಯಾಮ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು, ತಡಮಾಡಬೇಡಿ.

ದರ ಹೋಲಿಸಲು ಯಾವ ತಾಣವಾದರೂ ಸರಿ, ಕೊಳ್ಳುವುದು ಮಾತ್ರ ವಿಮಾನ ಕಂಪನಿಯಲ್ಲೇ. ದಿನಾಂಕ ಬದಲಿಸಬೇಕಾದಾಗ ಮಧ್ಯವರ್ತಿಯ ಹಿಂದೆ ಅಲೆಯುವುದು ತಪ್ಪುತ್ತದೆ. ಬೆಲೆ ರೂಪಾಯಿಯಲ್ಲಿದೆಯೇ, ಪೆಟ್ಟಿಗೆ ಸೇರಿದೆಯೇ ಎಂದೂ ಗಮನಿಸಿ. ಇನಿಷಿಯಲ್ ಇರುವ ನಮ್ಮಂಥವರು ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡು, ಅಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಹೆಸರು ತುಂಬಬೇಕು.

ಇನ್ನೊಂದು ಮಾತು, ದೇವನಹಳ್ಳಿಯಿಂದ ಹೊರಡುವ ಅನೇಕ ವಿಮಾನಗಳು ನಡುರಾತ್ರಿ ದಾಟಿದ ಮೇಲಿನವು. ಟಿಕೆಟ್ಟಿನಲ್ಲಿ 15ನೇ ತಾರೀಖು 1.50 ಎಂದಿದ್ದರೆ ಮನೆ ಬಿಡಬೇಕಾದದ್ದು 14ರ ರಾತ್ರಿ ಎಂಟಕ್ಕೆ. ಬನಶಂಕರಿಯಿಂದ ವಿಮಾನ ನಿಲ್ದಾಣಕ್ಕೆ ವಾಯು ವಜ್ರ ಬಸ್ ಸಿಗುತ್ತದೆ.