ಕಾವೇರಿಯ ಕಥೆಗೊಂದು ಚಿಪ್ಪಿನ ಕಮಂಡಲ

ಮಕ್ಕಳಿಗೆ ಜನಪದ ಕಥೆಯ ಚಿತ್ರಪುಸ್ತಕವನ್ನು ಓದಿ ಹೇಳಿ, ಜೊತೆಗೆ ಒಂದು ಕೈಕೆಲಸವನ್ನೂ ಮಾಡಿಸಬೇಕೆಂದಾಗ, ಮುಖಪುಟದ ಚಿತ್ರವನ್ನು ಬಣ್ಣದ ಕಾಗದದಲ್ಲಿ ಕತ್ತರಿಸಿ ಅಂಟಿಸುವುದೇ ಸುಲಭವೆಂದು ತೋರುತ್ತದೆ. ಅದಕ್ಕಿಂತ, ಕಥೆ ತಿರುವು ಪಡೆಯುವ ಗಳಿಗೆಯನ್ನು ಮಗು ತನ್ನ ಕೈಯಿಂದಲೇ ಆಡಿಸಿ ತೋರಿಸಬಲ್ಲ ವಸ್ತುವನ್ನು ಆರಿಸಿಕೊಂಡರೆ ಪುಸ್ತಕ ಮುಚ್ಚಿದ ಮೇಲೂ ಕಥೆ ಅದರ ಬಾಯಲ್ಲಿ ಉಳಿಯುತ್ತದೆ. ಕೊಡಗಿನಲ್ಲಿ ಕಾವೇರಿಯ ಕಥೆಯನ್ನು ಹೀಗೆ ಓದಿ ಆಡಿಸಲು ತಕ್ಕ ಕಾಲ ತುಲಾ ಸಂಕ್ರಮಣ. ಸಾಮಾನ್ಯವಾಗಿ ಅಕ್ಟೋಬರ್ 17ರಂದು ನದಿ ಹುಟ್ಟುವ ತಲಕಾವೇರಿಯಲ್ಲಿ ತೀರ್ಥೋದ್ಭವವಾಗುತ್ತದೆ, ಅಂದರೆ ಪವಿತ್ರ ಜಲ ಉಕ್ಕಿ ಬರುತ್ತದೆ. ಶಾಲೆಗಳ ದಸರಾ ರಜೆಯೂ ಹೆಚ್ಚಾಗಿ ಅದರ ಆಸುಪಾಸಿನಲ್ಲೇ ಬರುತ್ತದೆ.

ಪುಸ್ತಕವನ್ನು ಮೊದಲು ದೊಡ್ಡವರು ಓದಿಕೊಳ್ಳಬೇಕು, ಏಕೆಂದರೆ ಕಾವೇರಿ ಹರಿದ ಬಗೆಯನ್ನು ಎಲ್ಲರೂ ಒಂದೇ ರೀತಿ ಹೇಳುವುದಿಲ್ಲ. ಗಣಪತಿ ಕಾಗೆಯ ರೂಪದಲ್ಲಿ ಬಂದು, ಕಾವೇರಿಯನ್ನು ತುಂಬಿಟ್ಟಿದ್ದ ಅಗಸ್ತ್ಯರ ಕಮಂಡಲವನ್ನು ಉರುಳಿಸಿದನೆಂದು ಕೆಲವರು ಹೇಳಿದರೆ, ಒಂಟಿಯಾಗಿ ಬಿಟ್ಟು ಹೋಗುವುದಿಲ್ಲವೆಂಬ ಮಾತನ್ನು ಅಗಸ್ತ್ಯರು ಮುರಿದದ್ದರಿಂದ ಕಾವೇರಿ ತಾನಾಗಿಯೇ ಹರಿದು ಹೋದಳೆಂದು ಇನ್ನು ಕೆಲವರು ಹೇಳುತ್ತಾರೆ. ಮನೆಯ ಹಿರಿಯರ ಕಥೆ ಪುಸ್ತಕಕ್ಕಿಂತ ಬೇರೆಯಾಗಿದ್ದರೆ ಅದನ್ನು ತಪ್ಪೆನ್ನದೆ, ಇನ್ನೊಂದು ದಿನಕ್ಕೆ ಇನ್ನೊಂದು ಕಥೆ ಸಿಕ್ಕಿತೆಂದುಕೊಳ್ಳುವುದು ಮೇಲು.

ಮೊದಲ ಓದಿನಲ್ಲಿ ಕತ್ತರಿ, ಅಂಟು ಯಾವುದೂ ಕಣ್ಣೆದುರು ಇರಬಾರದು. ಇದ್ದರೆ ಮಗುವಿನ ಗಮನವೆಲ್ಲ ಅತ್ತಲೇ. ಎರಡನೆಯ ಸಲ ಓದುವಾಗ ಕಾಗೆ ಬಂದು ಕೂರುವ ಪುಟದಲ್ಲಿ ನಿಲ್ಲಿಸಿ ಕೆಲಸಕ್ಕೆ ತೊಡಗಬಹುದು.

ಬೇಕಾದದ್ದು ಅರ್ಧ ತೆಂಗಿನ ಚಿಪ್ಪು, ಒಂದು ಬಟ್ಟೆ ಕ್ಲಿಪ್, ಕಪ್ಪು ಮತ್ತು ನೀಲಿ ಕಾಗದ, ಅಂಟು, ಮೇಣದ ಬಣ್ಣಗಳು. ಕಣ್ಣುಗಳಿಲ್ಲದ ಕಡೆಯ ಚಿಪ್ಪನ್ನೇ ತೆಗೆದುಕೊಳ್ಳಬೇಕು. ಅದರ ತಳ ನುಣುಪಾಗಿ ದುಂಡಗಿರುವುದರಿಂದ ನೆಲದ ಮೇಲಿಟ್ಟರೆ ಚೆನ್ನಾಗಿ ಓಲಾಡುತ್ತದೆ. ನಾರನ್ನು ಕೆರೆದು, ಅಂಚನ್ನು ಉಪ್ಪುಕಾಗದದಿಂದ ಉಜ್ಜುವ ಕೆಲಸ ದೊಡ್ಡವರದ್ದು. ಕಪ್ಪು ಕಾಗದದಲ್ಲಿ ಅಂಗೈಯಗಲದ ಕಾಗೆಯನ್ನು ಕತ್ತರಿಸಿ ಕ್ಲಿಪ್ಪಿಗೆ ಅಂಟಿಸಬೇಕು, ಆದರೆ ಕ್ಲಿಪ್ಪನ್ನು ಚಿಪ್ಪಿಗೆ ಅಂಟಿಸಬಾರದು.

ನದಿಗೆ ಎರಡು ಇಂಚು ಅಗಲ, ಎರಡು ಅಡಿ ಉದ್ದದ ನೀಲಿ ಪಟ್ಟಿ ಸಾಕು. ಮಡಚುವ ಮೊದಲೇ ಅದರ ಮೇಲೆ ತಲಕಾವೇರಿ, ಕನ್ನಿಕೆ ಮತ್ತು ಸುಜ್ಯೋತಿ ಬಂದು ಸೇರುವ ಭಾಗಮಂಡಲ, ಬಲಮುರಿ, ಕುಶಾಲನಗರ ಎಂದು ಹರಿವಿನ ಕ್ರಮದಲ್ಲೇ ಬರೆಸಿದರೆ, ದಿನವೂ ಸೇತುವೆ ದಾಟುವ ಮಕ್ಕಳಿಗೆ ತಮ್ಮೂರು ಎಲ್ಲಿ ಬರುತ್ತದೆಂಬ ಕುತೂಹಲ ತಾನಾಗಿ ಹುಟ್ಟುತ್ತದೆ. ನೀರುಬಣ್ಣ ಬೇಡ, ಅಕ್ಟೋಬರಿನ ಮೋಡದಲ್ಲಿ ಅದು ಒಣಗುವಷ್ಟರಲ್ಲಿ ಮಗುವಿನ ತಾಳ್ಮೆ ಮುಗಿದಿರುತ್ತದೆ. ಪಟ್ಟಿಯನ್ನು ಸುರುಳಿ ಸುತ್ತದೆ ಸೀರೆಯ ನೆರಿಗೆಯಂತೆ ಮಡಚಬೇಕು, ಸುರುಳಿಯಾದರೆ ಹೊರಬಿದ್ದ ಮೇಲೂ ಮತ್ತೆ ಸುತ್ತಿಕೊಳ್ಳುತ್ತದೆ. ನೆರಿಗೆ ಹಿಡಿಯುವ ಹೊತ್ತಿಗೆ ಬಲಮುರಿಯ ಕಥೆಯನ್ನೂ ಹೇಳಿಬಿಡಬಹುದು: ಅಲ್ಲಿ ಕಾವೇರಿಯ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆಗಳು ಹಿಂದಕ್ಕೆ ಸರಿದವೆಂದೂ, ಕೊಡವ ಹೆಂಗಸರು ಇಂದಿಗೂ ನೆರಿಗೆಯನ್ನು ಹಿಂದೆ ಸಿಕ್ಕಿಸುವುದು ಅದಕ್ಕೇ ಎಂದೂ ಹೇಳಿಕೆಯಿದೆ. ಪಟ್ಟಿಯ ತಲಕಾವೇರಿಯ ತುದಿಯನ್ನು ಚಿಪ್ಪಿನ ಒಳತಳಕ್ಕೆ ಅಂಟಿಸಿ, ಉಳಿದದ್ದನ್ನು ಒಳಗೇ ಮಡಚಿಡಬೇಕು.

ಇನ್ನು ಓದು ಮುಂದುವರಿಯಲಿ. ಕಾಗೆಯ ಪುಟ ಬಂದಾಗ ಮಗು ಕ್ಲಿಪ್ಪನ್ನು ಚಿಪ್ಪಿನ ಅಂಚಿಗೆ ಸಿಕ್ಕಿಸುತ್ತದೆ, ಅದರ ಭಾರಕ್ಕೆ ಚಿಪ್ಪು ಕೊಂಚ ವಾಲುತ್ತದೆ, ಕಾಗೆಯ ಬಾಲವನ್ನು ಬೆರಳಿನಿಂದ ಒತ್ತಿದರೆ ಪೂರ್ತಿ ಬಾಗಿ ನೀಲಿ ನೆರಿಗೆಗಳು ಹೊರಗೆ ಜಾರುತ್ತವೆ. ಪಟ್ಟಿ ಸಿಕ್ಕಿಕೊಂಡರೆ ಅದರ ತುದಿಯನ್ನು ಮೆಲ್ಲನೆ ಎಳೆದುಕೊಡಬಹುದು.

ಸಂಕ್ರಮಣದ ಸಮಯದಲ್ಲಿ ಕೊಡವ ಮನೆಗಳಲ್ಲಿ ತೆಂಗಿನಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಆಭರಣ ತೊಡಿಸಿ ಕಾವೇರಮ್ಮೆಯನ್ನು ಪೂಜಿಸುತ್ತಾರೆ. ಮಕ್ಕಳ ಚಿಪ್ಪು ಆಟದ ವಸ್ತುವಾದ್ದರಿಂದ ಅದನ್ನು ಪೂಜೆಯ ಸಾಲಿನಲ್ಲಿಡದೆ ಪುಸ್ತಕದ ಪಕ್ಕದಲ್ಲಿಡುವುದು ಸೂಕ್ತ. ಕೊಟ್ಟ ಮಾತು ಮುರಿದ ಕಥೆಯನ್ನು ಓದುವ ದಿನ ಕ್ಲಿಪ್ಪನ್ನು ತೆಗೆದಿಟ್ಟರಾಯಿತು. ಅಂದು ಕಮಂಡಲವನ್ನು ಬಗ್ಗಿಸುವುದಕ್ಕೆ ಕಾಗೆ ಬೇಕಿಲ್ಲ.