ಶಾಲೆಯಲ್ಲಿ ಮಗುವಿಗೆ ಆಗುವ ಪೀಡನೆಯನ್ನು ಗುರುತಿಸುವುದು ಮತ್ತು ತಡೆಯುವುದು

ಉಡುಪಿಯ ಶಾಲೆಯೊಂದರಲ್ಲಿ ನಾನು ಪಾಠ ಮಾಡುತ್ತಿದ್ದಾಗ ಆರನೆಯ ತರಗತಿಯ ಹುಡುಗನೊಬ್ಬ ಒಂದೇ ಮಳೆಗಾಲದಲ್ಲಿ ಮೂರು ಕೊಡೆ ಕಳೆದುಕೊಂಡ. ಮನೆಯವರು ಅಜಾಗ್ರತೆಯೆಂದು ಬೈದರು, ನಾನೂ ಬೈದೆ. ನಾಲ್ಕನೆಯ ಕೊಡೆ ಕಡ್ಡಿ ಮುರಿದು ಶೌಚಾಲಯದ ಹಿಂದಿನ ತೋಡಿನಲ್ಲಿ ಸಿಕ್ಕಾಗಲೇ ದೊಡ್ಡ ಹುಡುಗರು ಅದನ್ನು ದಿನವೂ ಕಸಿದುಕೊಳ್ಳುತ್ತಿದ್ದರೆಂದು ತಿಳಿದದ್ದು. ಆ ಬೈಗುಳ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಸಮಬಲರಿಬ್ಬರ ಜಗಳ ಪೀಡನೆಯಲ್ಲ. ಬಲದಲ್ಲೋ ಸಂಖ್ಯೆಯಲ್ಲೋ ಮೇಲಿರುವವರು ಒಂದೇ ಮಗುವನ್ನು ಮತ್ತೆ ಮತ್ತೆ ನೋಯಿಸಿದರೆ ಅದು ಪೀಡನೆ. ನಮ್ಮ ಕರಾವಳಿಯಲ್ಲಿ ಅದು ಹಲವು ಸಲ ಮಾತಿನ ಧಾಟಿಯಿಂದಲೇ ಆರಂಭವಾಗುತ್ತದೆ: ಕೆಲಸ ಹುಡುಕಿ ಬಂದ ಉತ್ತರ ಕರ್ನಾಟಕದ ಕುಟುಂಬದ ಮಗುವನ್ನು ‘ಘಟ್ಟದವನು’ ಎಂದು ಕರೆದು, ಅದರ ಕನ್ನಡವನ್ನು ಅಣಕಿಸಿ, ಅದಕ್ಕೆ ಅರ್ಥವಾಗದ ತುಳುವಿನಲ್ಲಿ ಆಡಿಕೊಂಡು ನಗುವುದನ್ನು ದೊಡ್ಡವರೂ ತಮಾಷೆಯೆಂದು ಬಿಟ್ಟುಬಿಡುತ್ತಾರೆ.

ಬುತ್ತಿ ಹಾಗೆಯೇ ಮರಳಿ ಬರುವುದು, ಸೋಮವಾರದ ಹೊಟ್ಟೆನೋವು, ವಸ್ತುಗಳು ಕಾಣೆಯಾಗುವುದು, ಬಸ್ಸು ಬದಲಿಸುವ ಹಟ ಇವೆಲ್ಲ ಸೂಚನೆಗಳು. ‘ಯಾರು ಹೊಡೆದದ್ದು?’ ಎಂದು ಕೇಳಿದರೆ ಮಗು ಬಾಯಿ ಮುಚ್ಚುತ್ತದೆ; ‘ಇವತ್ತು ಊಟಕ್ಕೆ ಯಾರೊಟ್ಟಿಗೆ ಕೂತದ್ದು?’ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಹೇಳಿದ್ದನ್ನು ದಿನಾಂಕ, ಸ್ಥಳ ಸಹಿತ ಬರೆದಿಡಿ, ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ. ಮೊದಲು ತರಗತಿ ಶಿಕ್ಷಕರೊಂದಿಗೆ ಮಾತನಾಡಿ, ಬಳಿಕ ಮುಖ್ಯೋಪಾಧ್ಯಾಯರಿಗೆ ಲಿಖಿತ ದೂರು ಕೊಟ್ಟು, ಅದರ ಪ್ರತಿಯನ್ನು ಇಟ್ಟುಕೊಳ್ಳಿ. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೂ ತಿಳಿಸಿ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಉಚಿತ. ಲೈಂಗಿಕ ಸ್ವರೂಪದ ಕೃತ್ಯವಾದರೆ ಶಾಲೆಯೊಳಗೇ ರಾಜಿ ಮಾಡಿ ಮುಗಿಸುವಂತಿಲ್ಲ; 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈಕುಲುಕಿಸುವುದು ಬೇಡ. ನೊಂದ ಮಗುವಿನ ಭಯ ಅದರಿಂದ ಹೆಚ್ಚುತ್ತದೆ. ಪೀಡಿಸಿದವನಿಗೆ ಹೊಡೆಯುವುದೂ ಪರಿಹಾರವಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಅವನೊಂದಿಗೆ ಪ್ರತ್ಯೇಕವಾಗಿ ಮಾತನಾಡಿ, ಹೆತ್ತವರನ್ನು ಕರೆಸಿ, ಹಾಳುಮಾಡಿದ್ದನ್ನು ಅವನಿಂದಲೇ ಸರಿಮಾಡಿಸಬೇಕು.

ತಡೆಯುವ ಕೆಲಸ ಶಿಕ್ಷಕರ ಕಣ್ಣು ತಲುಪದ ಜಾಗಗಳಲ್ಲಿದೆ. ನಾವು ಊಟದ ಬಿಡುವಿನಲ್ಲಿ ಕೈತೊಳೆಯುವ ನಲ್ಲಿಯ ಬಳಿ ಸರದಿಯಂತೆ ನಿಂತೆವು, ನೋಡಿದ್ದನ್ನು ಹೇಳುವುದು ಚಾಡಿಯಲ್ಲವೆಂದು ಮಕ್ಕಳಿಗೆ ತಿಳಿಹೇಳಿದೆವು, ಆ ಹುಡುಗನೊಂದಿಗೆ ಬಸ್ ನಿಲ್ದಾಣದವರೆಗೆ ನಡೆಯಲು ಇಬ್ಬರು ಸಹಪಾಠಿಗಳನ್ನು ಒಪ್ಪಿಸಿದೆವು. ದೂರು ಕೊಟ್ಟು ಎರಡು ವಾರ ಕಳೆದ ಮೇಲೆ, ಊಟಕ್ಕೆ ಯಾರೊಟ್ಟಿಗೆ ಕೂತದ್ದೆಂದು ಮಗುವನ್ನು ಮತ್ತೊಮ್ಮೆ ಕೇಳಿ.